ಓದಿದ ಊರುಗಳನ್ನು ನೋಡಿ ಬಂದದ್ದು

ಐವತ್ತು ದಾಟಿದ ಮೇಲೆ ಇತಿಹಾಸದಲ್ಲಿ ಎಂ.ಎ. ಮುಗಿಸಿದವಳಿಗೆ ಯಾವ ಬಗೆಯ ಸಂಭ್ರಮ ಒಪ್ಪುತ್ತದೆ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯವಾಗಿತ್ತು. ಮಗಳು ಇಳಕಲ್ ಸೀರೆ ಎಂದಳು. ನಮ್ಮ ಮನೆಯವರು ಶರಣಬಸವೇಶ್ವರರ ಗುಡಿಯಲ್ಲಿ ಕಾಯಿ ಒಡೆಸಿ, ಬಳಗದವರನ್ನೆಲ್ಲ ಕರೆದು ಹೋಳಿಗೆ ಊಟ ಹಾಕೋಣ ಎಂದರು. ಶಾಲೆಯ ಸಹೋದ್ಯೋಗಿಗಳು ಶಾಲು ಹೊದಿಸಿದರು. ಇವೆಲ್ಲವೂ ಆದವು, ಎಲ್ಲವೂ ಸಂತೋಷವನ್ನೇ ಕೊಟ್ಟವು. ಆದರೆ ಓದುತ್ತಿದ್ದ ಕಾಲದಿಂದಲೇ ನನ್ನೊಳಗೆ ಬೇರೊಂದು ಆಸೆ ಬೆಳೆದಿತ್ತು. ಪರೀಕ್ಷೆಗಾಗಿ ನಾನು ಪುಟಗಟ್ಟಲೆ ಬರೆದ ಮಳಖೇಡ, ನಾಗಾವಿ, ಸನ್ನತಿ, ಕಲ್ಯಾಣ, ಬೀದರಗಳೆಲ್ಲ ನಮ್ಮ ಕಲಬುರಗಿಯಿಂದ ಕಾರಿನಲ್ಲಿ ಕೆಲವೇ ತಾಸುಗಳ ಹಾದಿಯಲ್ಲಿವೆ. ಕೆಲವನ್ನು ಜಾತ್ರೆಗೋ ಮದುವೆಗೋ ಹೋದಾಗ ಕಂಡಿದ್ದೆ, ಕೆಲವನ್ನು ಕಂಡೇ ಇರಲಿಲ್ಲ. ಓದಿ ಮುಗಿಸಿದ ಕಣ್ಣಿನಿಂದ ಇವನ್ನೆಲ್ಲ ಒಂದೇ ಸುತ್ತಿನಲ್ಲಿ ನೋಡಬೇಕು, ಅದೇ ನನ್ನ ಹಬ್ಬ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಎದುರಾಡಲಿಲ್ಲ.

ಅಕ್ಕ ಜೊತೆಗೆ ಬರಲೇಬೇಕು ಎಂಬುದು ನನ್ನ ಇನ್ನೊಂದು ಹಟ. ನಾವು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆಯಿತ್ತು. ಅಕ್ಕನ ಓದು ಅಲ್ಲಿಗೇ ನಿಂತು ಹೊಲದ ಕೆಲಸ ಶುರುವಾಯಿತು. ನಾನು ಹೈಸ್ಕೂಲಿನ ವಯಸ್ಸಿಗೆ ಬರುವ ಹೊತ್ತಿಗೆ ಸೋದರಮಾವನ ಮನೆಯಲ್ಲಿ ಇದ್ದು ಓದುವ ಅನುಕೂಲ ಒದಗಿತು. ಪಿ.ಯು.ಸಿ. ಆಯಿತು, ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಆಯಿತು, ಸರ್ಕಾರಿ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆ ವರ್ಷಗಳಲ್ಲಿ ಶುಲ್ಕಕ್ಕೂ ಪುಸ್ತಕಕ್ಕೂ ಮನೆಯಿಂದ ಬರುತ್ತಿದ್ದ ಹಣದಲ್ಲಿ, ತೊಗರಿ ರಾಶಿಯ ದಿನಗಳಲ್ಲಿ ಅಕ್ಕ ಬೇರೆಯವರ ಹೊಲದಲ್ಲಿ ದುಡಿದು ತಂದ ಕೂಲಿಯೂ ಸೇರಿರುತ್ತಿತ್ತು. ಈ ಮಾತನ್ನು ಅಕ್ಕ ಒಂದು ದಿನವೂ ಎತ್ತಿ ಆಡಿಲ್ಲ. ನಾನು ಮರೆತೂ ಇಲ್ಲ.

ನಮ್ಮ ಭಾಗದಲ್ಲಿ ಓದು ಎಂಬುದು ಎಷ್ಟು ತಡವಾಗಿ ಮನೆಬಾಗಿಲಿಗೆ ಬಂತು ಎಂಬುದನ್ನು ತಿಳಿಯಲು ಹೆಚ್ಚು ಹಿಂದಕ್ಕೆ ಹೋಗಬೇಕಾಗಿಲ್ಲ. 1948ರವರೆಗೆ ಇದು ಹೈದರಾಬಾದ್ ನಿಜಾಮರ ಸೀಮೆ. ಸರ್ಕಾರಿ ಶಾಲೆಗಳಲ್ಲಿ ಉರ್ದುವಿಗೇ ಪ್ರಾಧಾನ್ಯವಿತ್ತು, ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಕನ್ನಡದ ಶಾಲೆ ಸುಲಭವಾಗಿ ಸಿಗುತ್ತಿರಲಿಲ್ಲ. ನಮ್ಮ ಅಪ್ಪ ಕಲಿತ ನಾಲ್ಕು ಅಕ್ಷರವೂ ಉರ್ದುವಿನದೇ. 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಎಂ.ಎ. ಓದಬೇಕೆನ್ನುವವರು ಧಾರವಾಡಕ್ಕೋ ಹೈದರಾಬಾದಿಗೋ ಹೋಗಬೇಕಿತ್ತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಇಲ್ಲಿ ತೆರೆಯಿತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ನಾನು ಟಿ.ಸಿ.ಎಚ್. ಮುಗಿಸುವ ಕಾಲಕ್ಕೆ ವಿಶ್ವವಿದ್ಯಾಲಯ ಊರಿನಲ್ಲೇ ಇತ್ತು. ಆದರೂ ಕೆಲಸ ಸಿಕ್ಕ ಹುಡುಗಿ ಮತ್ತೆ ಓದಲು ಹೋಗುವುದು ನಮ್ಮಂಥ ಮನೆಗಳಲ್ಲಿ ಯಾರ ಕಲ್ಪನೆಗೂ ಬರುವ ಸಂಗತಿಯಾಗಿರಲಿಲ್ಲ.

ಬಿ.ಎ. ಪದವಿಯನ್ನು ಕೆಲಸದಲ್ಲಿದ್ದುಕೊಂಡೇ ಬಾಹ್ಯ ವಿದ್ಯಾರ್ಥಿಯಾಗಿ ಪಡೆದೆ. ಆಮೇಲೆ ಮಕ್ಕಳು, ಅತ್ತೆಯ ಕಾಯಿಲೆ, ಮನೆ ಕಟ್ಟಿಸಿದ ಸಾಲ. ಮಗಳ ಮದುವೆಯಾಗಿ ಮನೆ ತಣ್ಣಗಾದ ಮೇಲೆ ದೂರಶಿಕ್ಷಣದಲ್ಲಿ ಎಂ.ಎ.ಗೆ ಹೆಸರು ಹಚ್ಚಿದೆ. ಪಠ್ಯದ ಪುಸ್ತಕಗಳು ಬರುವುದು, ರಜೆಯ ದಿನಗಳ ಸಂಪರ್ಕ ತರಗತಿ, ಕೈಬರಹದಲ್ಲೇ ಬರೆದು ಕಳುಹಿಸುವ ಅಸೈನ್‌ಮೆಂಟುಗಳು, ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ಮುಂಚೆ ಓದಿಕೊಳ್ಳುತ್ತಿದ್ದ ಒಂದು ತಾಸು, ಇವೆಲ್ಲ ಈ ಹಾದಿಯಲ್ಲಿ ನಡೆದವರಿಗೆ ಗೊತ್ತಿರುವ ಮಾತೇ. ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಣೆಗೆ ಬಂದ ಉಪನ್ಯಾಸಕ ನನ್ನ ಹಳೆಯ ವಿದ್ಯಾರ್ಥಿ. ಹಾಲ್ ಟಿಕೆಟ್ ನೋಡಿ ಸಹಿ ಹಾಕುವಾಗ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿ, ಬೇರೆಯವರಿಗೆ ಹೇಗೋ ನನಗೂ ಹಾಗೆಯೇ ಪ್ರಶ್ನೆಪತ್ರಿಕೆ ಕೊಟ್ಟು ಮುಂದಿನ ಬೆಂಚಿಗೆ ನಡೆದ. ಅವನ ಆ ಎರಡು ನಡೆಗಳೂ ನನಗೆ ಬಹಳ ಹಿಡಿಸಿದವು.

ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕನ ಮಗ ಕಾರು ಓಡಿಸಲು ಒಪ್ಪಿದ. ಅಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಎಳ್ಳಿನ ಹೋಳಿಗೆಗಳ ಗಂಟನ್ನೇ ಕಟ್ಟಿಕೊಂಡು ಬಂದಳು. ಕಲಬುರಗಿ ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಕರಿ ಎರೆಯ ಹೊಲಗಳು. ಕೆಲವೆಡೆ ತೊಗರಿಯ ರಾಶಿ ನಡೆದಿತ್ತು, ಹಿಂಗಾರಿ ಜೋಳ ಮೊಣಕಾಲು ದಾಟಿ ನಿಂತಿತ್ತು. ಯಾವ ಹೊಲಕ್ಕೆ ಈ ವರ್ಷ ಮಳೆ ಹೆಚ್ಚಾಗಿದೆ, ಯಾವುದಕ್ಕೆ ಗೊಡ್ಡು ರೋಗ ತಗುಲಿದೆ ಎಂಬುದನ್ನು ಅಕ್ಕ ಕಾರಿನ ಕಿಟಕಿಯಿಂದಲೇ ಹೇಳುತ್ತ ಬಂದಳು. ಶಾಸನ ಓದುವವರು ಅಕ್ಷರದ ರೂಪ ನೋಡಿ ಶತಮಾನ ಹೇಳುವುದನ್ನು ತರಗತಿಯಲ್ಲಿ ಕೇಳಿ ಬೆರಗಾದವಳು ನಾನು. ಅಕ್ಕನ ಈ ಓದು ಅದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ಮೊದಲು ಸೇಡಂ ರಸ್ತೆಯ ಮಳಖೇಡ. ಇಂದು ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಸಿಮೆಂಟ್ ಕಾರ್ಖಾನೆಯ ಊರು. ಭೂಮಿಯಡಿಯ ಸುಣ್ಣದ ಕಲ್ಲು ಈ ಸೀಮೆಗೆಲ್ಲ ಮನೆಯ ಹಾಸುಗಲ್ಲನ್ನೂ ಕೊಟ್ಟಿತು, ಕಾರ್ಖಾನೆಗಳನ್ನೂ ತಂದಿತು. ಒಂಬತ್ತನೆಯ ಶತಮಾನದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅರಬ್ ವರ್ತಕ ಸುಲೈಮಾನ್ ಜಗತ್ತಿನ ನಾಲ್ವರು ದೊಡ್ಡ ಅರಸರ ಸಾಲಿನಲ್ಲಿ ಇಲ್ಲಿನ ದೊರೆಯನ್ನು ಎಣಿಸಿದ್ದ. ಮಹಾವೀರಾಚಾರ್ಯನು ಗಣಿತದ ಗ್ರಂಥ ರಚಿಸಿದ್ದು ಈ ಅರಸನ ಆಶ್ರಯದಲ್ಲಿ. ನಮಗೆ ದೊರೆತಿರುವ ಕನ್ನಡದ ಮೊದಲ ಕೃತಿ ಕವಿರಾಜಮಾರ್ಗ ಹುಟ್ಟಿದ್ದು ಈ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ಕನ್ನಡ ನಾಡಿನ ಎಲ್ಲೆಯನ್ನು ಹೇಳಿದ್ದು ಎಲ್ಲಿಂದ ಎಂದು ಕೇಳಿದರೆ, ಕಾಗಿಣಾ ನದಿಯ ದಂಡೆಯ ಈ ಊರಿನಿಂದ ಎಂದು ನಮ್ಮ ಮಕ್ಕಳು ಕೂಗಿ ಹೇಳಬೇಕು.

ಕೋಟೆಯ ಗೋಡೆಗಳ ಮೇಲೆ ನಡೆದು ನದಿಯ ಕಡೆಗೆ ಮುಖ ಮಾಡಿ ಕುಳಿತಾಗ ನಾನು ಅಕ್ಕನಿಗೆ ಆ ಗ್ರಂಥದ ಒಂದು ಮಾತನ್ನು ಹೇಳಿದೆ. ಪುಸ್ತಕ ಹಿಡಿದು ಓದದೆಯೂ ಕಾವ್ಯ ಕಟ್ಟುವುದರಲ್ಲಿ, ಅದರ ಗುಣದೋಷ ಅರಿಯುವುದರಲ್ಲಿ ಪಳಗಿದವರು ಈ ನಾಡಿನ ಜನ ಎಂದು ಅದರಲ್ಲಿ ಹೊಗಳಿದೆ. ಅಕ್ಕ ಬೀಸುವ ಪದಗಳನ್ನು, ಸೋಬಾನೆಯ ಪದಗಳನ್ನು ನೂರಾರು ಸಂಖ್ಯೆಯಲ್ಲಿ ಬಲ್ಲವಳು. ಮದುಮಗಳ ಹೆಸರು, ಊರಿನ ಹೆಸರು ಸೇರಿಸಿ ನಿಂತಲ್ಲೇ ಹೊಸ ನುಡಿ ಕಟ್ಟಬಲ್ಲವಳು. ಆ ಮಾತು ಕೇಳಿ ಅವಳು ತುಸು ಹೊತ್ತು ಸುಮ್ಮನಿದ್ದು, “ಹಂಗಂತ ಆಗಿನ ಕಾಲಕ್ಕೇ ಬರದಿಟ್ಟಾರೇನು? ಛಲೋ ಆತು ಬಿಡು” ಎಂದಳು. ನನ್ನ ಅಂಕಪಟ್ಟಿ ಕೈಗೆ ಬಂದ ದಿನ ನನಗೆ ಆದ ಸಂತೋಷವನ್ನು ಅವಳ ಮುಖದಲ್ಲಿ ನೋಡಿದೆ.

ಮಳಖೇಡದಲ್ಲಿ ಜೈನ ಬಸದಿಯೂ ಇದೆ, ಮಧ್ವ ಪರಂಪರೆಯ ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ವೃಂದಾವನವೂ ಇದೆ. ಎರಡನ್ನೂ ನೋಡಿ ಚಿತ್ತಾಪುರದ ಕಡೆಗೆ ಹೊರಟೆವು.

ಈ ಪ್ರವಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾದಿದ್ದು ನಾಗಾವಿಗಾಗಿ. ಸುತ್ತಲಿನ ಹಳ್ಳಿಗಳವರಿಗೆ ನಾಗಾವಿ ಎಂದರೆ ಎಲ್ಲಮ್ಮನ ಕ್ಷೇತ್ರ. ಚಿತ್ತಾಪುರದ ಪಕ್ಕದಲ್ಲೇ ಇರುವ ಈ ನೆಲದಲ್ಲಿ ಹರಡಿ ಬಿದ್ದಿರುವ ಗುಡಿಗಳ ನಡುವೆ, ಜನ ಅರವತ್ತು ಕಂಬದ ಗುಡಿ ಎಂದು ಕರೆಯುವ ಕಟ್ಟಡವಿದೆ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಘಟಿಕಾಸ್ಥಾನವಿತ್ತು, ಅಂದರೆ ಉನ್ನತ ವ್ಯಾಸಂಗದ ವಸತಿ ವಿದ್ಯಾಲಯ. 1058ರ ಶಾಸನವೊಂದು ಇದರ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಇದನ್ನು ನಡೆಸಲು ಏರ್ಪಾಟು ಮಾಡಿದ. ವೇದ ಓದುವ 200 ವಿದ್ಯಾರ್ಥಿಗಳಿಗೆ ಇಲ್ಲಿ ಅವಕಾಶವಿತ್ತು. ಶಾಸ್ತ್ರ ಓದುವವರು ಬೇರೆ, ಅವರಿಗೆ ವ್ಯಾಕರಣ, ಮೀಮಾಂಸೆಗಳನ್ನು ಕಲಿಸುವ ಉಪಾಧ್ಯಾಯರೂ ಬೇರೆ. ಇವರೆಲ್ಲರ ಜೊತೆಗೆ ಗ್ರಂಥಗಳನ್ನು ಕಾಯುವುದಕ್ಕೆಂದೇ ಆರು ಜನ ಸರಸ್ವತೀ ಭಂಡಾರಿಗಳು.

ಆರು ಜನ ಗ್ರಂಥಪಾಲಕರು! ಸಂಪರ್ಕ ತರಗತಿಯಲ್ಲಿ ಈ ವಿವರ ಕೇಳಿದ ದಿನ ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿ ಕುಳಿತಿದ್ದೆ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಕಬ್ಬಿಣದ ಕಪಾಟು. ಅದರ ಕೀಲಿ ನನ್ನ ಬಳಿ ಇದ್ದ ವರ್ಷಗಳಲ್ಲಿ ಮಕ್ಕಳಿಗೆ ಶನಿವಾರ ಪುಸ್ತಕ ಕೊಟ್ಟು ಸೋಮವಾರ ಎಣಿಸಿ ತೆಗೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಯಾರೂ ಅದನ್ನು ಕೆಲಸವೆಂದು ಎಣಿಸಿರಲಿಲ್ಲ. ಸಾವಿರ ವರ್ಷಗಳ ಹಿಂದೆ ಇದೇ ತಾಲ್ಲೂಕಿನಲ್ಲಿ ಪುಸ್ತಕ ಕಾಯುವವರ ಜೀವನಕ್ಕೆ ಪಾಠ ಹೇಳುವವರಂತೆಯೇ ಭೂಮಿ ಬಿಟ್ಟುಕೊಟ್ಟು ಕಲ್ಲಿನ ಮೇಲೆ ಬರೆಸಿದ್ದರು ಎಂಬ ಸಂಗತಿ ನನಗೆ ಬಹಳ ದೊಡ್ಡದಾಗಿ ಕಂಡಿತು.

ಕಂಬಗಳ ನಡುವೆ ನಿಂತು ನಾನು ಇದನ್ನೆಲ್ಲ ಹೇಳುತ್ತಿರುವಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, “ತಂಗೀ, ಇಷ್ಟು ಮಂದಿಗಿ ಊಟಾ ಯಾರು ಹಾಕತಿದ್ರು?” ಎಂದು. ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ. ಶಾಸನದ ಹೆಚ್ಚಿನ ಭಾಗ ಇರುವುದೂ ಆ ಪ್ರಶ್ನೆಗೆ ಉತ್ತರವಾಗಿಯೇ. ಯಾವ ಭೂಮಿಯ ಹುಟ್ಟುವಳಿ ವಿದ್ಯಾರ್ಥಿಗಳ ಅನ್ನ ಬಟ್ಟೆಗೆ, ಯಾವುದು ಉಪಾಧ್ಯಾಯರಿಗೆ ಎಂಬುದನ್ನು ದಾನ ಕೊಟ್ಟವರು ವಿಂಗಡಿಸಿ ಹೇಳಿದ್ದಾರೆ. ನಾನು ಇಷ್ಟು ವಿವರಿಸಿದ ಮೇಲೆ ಅಕ್ಕ ಗುಡಿಯ ಆಚೆಗಿನ ಹೊಲಗಳ ಕಡೆ ನೋಡುತ್ತ, ಹಾಗಾದರೆ ಈ ಹೊಲದಲ್ಲಿ ದುಡಿದವರ ಹೆಸರು ಎಲ್ಲಿದೆ ಎಂದಳು. ಅವರ ಹೆಸರು ಶಾಸನದಲ್ಲಿಲ್ಲ. ಆ ವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೂ ದುಡಿಯುವವರ ಮಕ್ಕಳಿಗೂ ಸ್ಥಳವಿರಲಿಲ್ಲ ಎಂಬುದನ್ನು ನಾನು ಮರೆತು ಹೆಮ್ಮೆ ಪಡಲಾರೆ. ಹೆಮ್ಮೆಯನ್ನು ಬಿಟ್ಟುಕೊಡಲೂ ಆರೆ. ಓದುವವರಿಗೆ ಅನ್ನದ ಚಿಂತೆ ಇರಬಾರದು, ಪುಸ್ತಕಕ್ಕೆ ಕಾವಲಿರಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಅಂದೇ ಇತ್ತು. ಅದು ಎಲ್ಲರ ಮಕ್ಕಳಿಗೂ ತಲುಪಲು ಇಷ್ಟು ಶತಮಾನ ಬೇಕಾಯಿತು.

ಕೆಲಸಕ್ಕೆ ಸೇರಿದಂದಿನಿಂದ ಸುತ್ತೋಲೆಗಳಲ್ಲಿ, ತರಬೇತಿಗಳಲ್ಲಿ, ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಗಳ ಹೆಸರಿನ ಹಿಂದೆ ‘ಹಿಂದುಳಿದ’ ಎಂಬ ವಿಶೇಷಣವನ್ನು ಓದುತ್ತಲೇ ಬಂದಿದ್ದೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿಗಳು ವರ್ಷ ವರ್ಷವೂ ಕೆಳಸಾಲಿನಲ್ಲಿ ಕಾಣುತ್ತವೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಸಿಕ್ಕ ಮೀಸಲಾತಿ ನ್ಯಾಯವಾದದ್ದು, ಇನ್ನೂ ಬಹಳ ಆಗಬೇಕಾಗಿದೆ. ಆದರೆ ಆ ವಿಶೇಷಣ ಕೇಳಿ ಕೇಳಿ ನಮ್ಮ ಮಕ್ಕಳು ಓದು ಎಂಬುದು ಬೆಂಗಳೂರಿನಿಂದಲೋ ಧಾರವಾಡದಿಂದಲೋ ಈ ಕಡೆಗೆ ಬರಬೇಕಾದ ವಸ್ತು ಎಂದು ನಂಬಿಬಿಟ್ಟಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಎಂ.ಎ. ಓದಿದ್ದರಿಂದ ನನ್ನ ಸಂಬಳ ಹೆಚ್ಚಲಿಲ್ಲ, ಹುದ್ದೆ ಬದಲಾಗಲಿಲ್ಲ, ನಿವೃತ್ತಿಯ ದಿನಾಂಕವೂ ಮುಂದಕ್ಕೆ ಹೋಗಲಿಲ್ಲ. ಬದಲಾದದ್ದು ಈ ನಂಬಿಕೆ ಮಾತ್ರ, ಅಷ್ಟಕ್ಕಾಗಿ ನಾನು ಕೊಟ್ಟ ಶ್ರಮ ಸಾರ್ಥಕವಾಯಿತು.

ಸನ್ನತಿಗೆ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಭೀಮಾ ನದಿಯ ದಂಡೆಯ ಈ ಊರು ಚಂದ್ರಲಾ ಪರಮೇಶ್ವರಿಯ ನೆಲೆ. ನಮ್ಮ ಬಳಗದಲ್ಲಿಯೂ ಈ ದೇವಿಗೆ ನಡೆದುಕೊಳ್ಳುವವರಿದ್ದಾರೆ, ಆದ್ದರಿಂದ ಅಕ್ಕ ಮೊದಲು ಗುಡಿಗೆ ಹೋಗಿ ಉಡಿ ತುಂಬಿ ಬಂದಳು. ಈ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂದಾಗ ಅದು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿಯನ್ನು ನಿಲ್ಲಿಸಲು ಯಾವುದೋ ಕಾಲದಲ್ಲಿ ಕಲ್ಲಿನ ನಡುವೆ ಚೌಕಾಕಾರದ ರಂಧ್ರ ಕೊರೆದಿದ್ದರಿಂದ ಒಂದಿಷ್ಟು ಅಕ್ಷರಗಳು ಹೋಗಿವೆ. ಉಳಿದದ್ದರಲ್ಲಿ ಹನ್ನೆರಡನೆಯ ಬಂಡೆಶಾಸನದ ಭಾಗವಿದೆ. ಬೇರೆಯವರ ಧರ್ಮವನ್ನು ಹಳಿಯದೆ ಗೌರವಿಸಿದರೆ ತನ್ನ ಧರ್ಮವೂ ಬೆಳೆಯುತ್ತದೆ ಎಂದು ಅರಸ ಹೇಳಿಸಿದ ಶಾಸನವದು. ಎಲ್ಲ ಮನುಷ್ಯರೂ ತನ್ನ ಮಕ್ಕಳು ಎಂದು ಅಶೋಕ ಹೇಳುವ ಪ್ರತ್ಯೇಕ ಶಾಸನಗಳೂ ಆ ಕಲ್ಲಿನಲ್ಲಿವೆ. ಇವು ಕಳಿಂಗದ ಆಚೆಗೆ ಮೊದಲ ಬಾರಿ ಕಂಡದ್ದು ನಮ್ಮ ಭೀಮಾ ತೀರದಲ್ಲಿ.

ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳಿವೆ. ಅಲ್ಲಿ ದೊರೆತ ಒಂದು ಫಲಕದಲ್ಲಿ ರಾಣಿ ಮತ್ತು ಪರಿಚಾರಿಕೆಯರೊಂದಿಗೆ ನಿಂತ ದೊರೆಯ ಶಿಲ್ಪ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಎಂಬ ಹೆಸರು. ಅಶೋಕನ ಹೆಸರನ್ನು ಬರೆದೇ ಕೆತ್ತಿದ ಶಿಲ್ಪ ಇದು. ನಮ್ಮ ನಾಲ್ಕನೆಯ ಪತ್ರಿಕೆಯ ಪರೀಕ್ಷೆಯಲ್ಲಿ ಸನ್ನತಿಯ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆ ಬಂದಿತ್ತು, ನಾನು ಬರೆದಿದ್ದೆ. ಸ್ತೂಪದ ವಿಸ್ತಾರ ಎಷ್ಟಿದೆ, ನದಿ ಅಲ್ಲಿ ಹೇಗೆ ಬಾಗಿ ಹರಿಯುತ್ತದೆ, ಇಷ್ಟು ದೊಡ್ಡ ಕಟ್ಟಡಕ್ಕೆ ನೀರು, ದಾರಿ, ದಾನಿಗಳು ಎಲ್ಲಿಂದ ಒದಗಿದ್ದಿರಬಹುದು ಎಂಬುದು ಆ ನೆಲದಲ್ಲಿ ನಡೆದಾಡಿದಾಗ ಮಾತ್ರ ತಿಳಿಯುವಂಥದು. ಈಗ ಬರೆಯಲು ಹೇಳಿದರೆ ಆ ಟಿಪ್ಪಣಿ ಬೇರೆಯಾಗಿರುತ್ತದೆ.

ರಾತ್ರಿ ಕಲಬುರಗಿಗೆ ಮರಳಿ, ಮರುದಿನ ಬೀದರದ ಹಾದಿ ಹಿಡಿದೆವು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಈ ಹಣ್ಣನ್ನು ಊರೊಳಗೆ ಬೆಳೆಗಾರರಿಂದಲೇ ಕೊಳ್ಳುವುದು ಒಳ್ಳೆಯದು. ಹುಮನಾಬಾದಿನಲ್ಲಿ ವೀರಭದ್ರೇಶ್ವರನಿಗೆ ಕೈಮುಗಿದು ಬಸವಕಲ್ಯಾಣಕ್ಕೆ ಹೊರಳಿದೆವು. ಕಲ್ಯಾಣದ ಬಗ್ಗೆ ನನಗಿಂತ ಬಲ್ಲವರು ಬಹಳ ಬರೆದಿದ್ದಾರೆ. ಬಸವಣ್ಣನವರ ಕಾಲದ ಅನುಭವ ಮಂಟಪದಲ್ಲಿ ಕಾಯಕದವರು, ಹೆಣ್ಣುಮಕ್ಕಳು ಸರಿಸಮನಾಗಿ ಕುಳಿತು ಮಾತನಾಡಿದರು ಎಂಬುದನ್ನು ನಾನು ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ವಚನಗಳು ಅವಳಿಗೆ ಬಾಯಿಪಾಠ, ನಾಗಾವಿಯಲ್ಲಿ ಅವಳು ಕೇಳಿದ ಎರಡನೆಯ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲಿ ಕೇಳಿದವರೇ ಶರಣರು. ನಾನು ಹೇಳಿದ್ದು ವಿಜ್ಞಾನೇಶ್ವರನ ಸಂಗತಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿ ಅವನು ಬರೆದ ಮಿತಾಕ್ಷರವೇ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾಗಿ ಬ್ರಿಟಿಷರ ಕೋರ್ಟುಗಳವರೆಗೂ ನಡೆದುಬಂತು. ಆ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಕೇಂದ್ರದ ತಿದ್ದುಪಡಿ ಕೊಟ್ಟಿತು. ಇದು ಮನೆ ಮನೆಯ ಹೆಣ್ಣುಮಕ್ಕಳಿಗೆ ತಿಳಿದಿರಬೇಕಾದ ಇತಿಹಾಸ.

ಬೀದರ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಕರಿಮಣ್ಣು ಹಿಂದೆ ಸರಿದು ಕೆಂಪು ನೆಲ ಶುರುವಾದದ್ದನ್ನು, ಗಾಳಿಯಲ್ಲಿ ತಂಪು ಕೂಡಿದ್ದನ್ನು ಎಲ್ಲರೂ ಗಮನಿಸಿದೆವು. ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿ ಆಳಿದ್ದು ಕಲಬುರಗಿಯಿಂದ. ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಅಹ್ಮದ್ ಶಾ ವಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಕೋಟೆಯ ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿಗಳನ್ನು ನೋಡಿದೆವಾದರೂ ನನ್ನ ಕಾಲು ಎಳೆಯುತ್ತಿದ್ದುದು ಊರೊಳಗಿನ ಮಹ್ಮೂದ್ ಗವಾನನ ಮದರಸಾದ ಕಡೆಗೆ.

ಇರಾನಿನ ಗಿಲಾನ್ ಪ್ರಾಂತದ ಈ ಮನುಷ್ಯ ನಲವತ್ತು ದಾಟಿದ ಮೇಲೆ ವ್ಯಾಪಾರಕ್ಕೆಂದು ಕಡಲು ದಾಟಿ ದಾಭೋಳ ಬಂದರಿನಲ್ಲಿ ಇಳಿದು ಬೀದರಕ್ಕೆ ಬಂದ. ಅರಸರ ವಿಶ್ವಾಸ ಗಳಿಸಿ ಪ್ರಧಾನಿಯ ಪದವಿಗೇರಿದ. 1472ರಲ್ಲಿ ಮದರಸಾ ಮುಗಿದಾಗ ಅವನಿಗೆ ಅರವತ್ತಾಗಿತ್ತು. ಮೂರು ಅಂತಸ್ತಿನ ಕಟ್ಟಡದಲ್ಲಿ ಉಪನ್ಯಾಸದ ಸಭಾಂಗಣಗಳು, ಮಸೀದಿ, ಗ್ರಂಥಾಲಯ, ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ವಾಸದ ಕೋಣೆಗಳು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ದೂರದ ದೇಶಗಳಿಂದ ವಿದ್ವಾಂಸರನ್ನು ಕರೆಸಿದ, ಊಟ ವಸತಿಗಳನ್ನು ಉಚಿತವಾಗಿ ಕೊಟ್ಟ. ಮುಂಭಾಗದಲ್ಲಿ ನೀಲಿ, ಹಸಿರು, ಬಿಳಿ, ಹಳದಿ ಮೆರುಗಿನ ಬಿಲ್ಲೆಗಳಿದ್ದುದನ್ನು ಉಳಿದಿರುವ ಒಂದು ಮಿನಾರಿನ ಮೇಲೆ ಇಂದೂ ನೋಡಬಹುದು. 1481ರಲ್ಲಿ, ದರಬಾರಿನ ವಿರೋಧಿಗಳು ಅವನ ಮುದ್ರೆ ಒತ್ತಿದ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ವಿಚಾರಿಸದೆ ಅವನ ತಲೆ ತೆಗೆಸಿದ. ಔರಂಗಜೇಬನ ಆಳ್ವಿಕೆಯಲ್ಲಿ, 1696ರಲ್ಲಿ, ಕಟ್ಟಡದಲ್ಲಿ ಸಿಡಿಮದ್ದು ಸ್ಫೋಟಗೊಂಡು ಮುಂಭಾಗದ ಅರ್ಧ ಹಾರಿಹೋಯಿತು.

ಒಳಗಿನ ವಿದ್ಯಾರ್ಥಿ ಕೋಣೆಯೊಂದರಲ್ಲಿ ನಾನು ಬಹಳ ಹೊತ್ತು ಕುಳಿತೆ. ಗಾಳಿ ಬೆಳಕು ಧಾರಾಳವಾಗಿ ಬರುವ, ಒಬ್ಬನೇ ಕುಳಿತು ಓದಿಕೊಳ್ಳುವಷ್ಟು ಅಳತೆಯ ಕೋಣೆ. ನನ್ನ ಓದಿನ ಜಾಗ ಅಡುಗೆಮನೆಯ ಪಕ್ಕದ ಹಾಸುಗಲ್ಲಿನ ಮೇಲಿನ ಚಾಪೆಯಾಗಿತ್ತು. ಆದರೆ ಓದುವವರಿಗೆ ಏನು ಬೇಕು ಎಂಬುದನ್ನು ಈ ಕಟ್ಟಡ ಕಟ್ಟಿಸಿದವನು ಎಷ್ಟು ಚೆನ್ನಾಗಿ ಅರಿತಿದ್ದ ಎಂಬುದು ಅಲ್ಲಿ ಕುಳಿತಾಗ ಮೈಗೇ ತಿಳಿಯುತ್ತಿತ್ತು. ನಾಗಾವಿಗೂ ಇದಕ್ಕೂ ನಾಲ್ಕು ಶತಮಾನಗಳ ಅಂತರ, ಧರ್ಮ ಬೇರೆ, ಭಾಷೆ ಬೇರೆ. ಕಟ್ಟಿದವರ ಕಾಳಜಿ ಮಾತ್ರ ಒಂದೇ: ಅನ್ನ, ವಸತಿ, ಗುರು, ಗ್ರಂಥ. ಅಕ್ಕನ ಮಗ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ, “ಚಿಗವ್ವಾ, ನೀ ಇಲ್ಲೇ ಕುಂತು ಪಿಎಚ್.ಡಿ. ಮಾಡು” ಎಂದ. ಅವನು ಸುಮ್ಮನೆ ಅಂದದ್ದಲ್ಲ. ನನಗೂ ಆ ಆಸೆ ಇದೆ. ವಿಷಯವೂ ಮನಸ್ಸಿನಲ್ಲಿದೆ, ಚಿತ್ತಾಪುರ ತಾಲ್ಲೂಕಿನ ಶಾಸನಗಳಲ್ಲಿ ವಿದ್ಯಾದಾನ.

ಬಿದರಿ ಕುಶಲಕರ್ಮಿಗಳ ಅಂಗಡಿಯಲ್ಲಿ ತಾಸು ಕಳೆಯಿತು. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಉಳಿಯಿಂದ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕೊನೆಗೆ ಕೋಟೆಯೊಳಗಿನ ಮಣ್ಣನ್ನು ನವಸಾಗರದೊಡನೆ ಕುದಿಸಿದ ನೀರಿನಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗುತ್ತದೆ. ಆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತೇವೆ ಎಂದು ಅಲ್ಲಿನ ಹಿರಿಯರು ಹೇಳಿದ್ದನ್ನು ಕೇಳಿ ಅಕ್ಕ ಅವರೊಡನೆ ಮಣ್ಣಿನ ಬಗ್ಗೆಯೇ ಮಾತಿಗೆ ಕುಳಿತಳು. ನಾವು ಕರೆಯದಿದ್ದರೆ ಆ ಮಾತು ಸಂಜೆಯವರೆಗೂ ಸಾಗುತ್ತಿತ್ತು.

ಕೊನೆಗೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಅಹ್ಮದ್ ಶಾ ವಲಿಯದೂ ಒಂದು. ಒಳಗಿನ ಕತ್ತಲಲ್ಲಿ ಗುಮ್ಮಟದ ಬಣ್ಣದ ಚಿತ್ತಾರ ಕಾಣಲೆಂದು ಕಾವಲಿನವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಈ ಸುಲ್ತಾನನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರಲ್ಲಿ ಹಲವರು ಅಲ್ಲಮಪ್ರಭುವೆಂದೂ ಭಾವಿಸಿ ನಡೆದುಕೊಳ್ಳುತ್ತಾರೆ. ವರ್ಷದ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದ ಮೇಲೆಯೇ ಪೂಜೆ ನಡೆಯುವ ಪದ್ಧತಿ ಇದೆ. ಮಾಡಿಯಾಳ ಅಕ್ಕನ ಬೀಗರ ಕಡೆಯ ಊರು. ಜಂಗಮರು ಹೊರಡುವ ದಿನ ಊರಿನಲ್ಲಿ ಏನೇನು ನಡೆಯುತ್ತದೆ, ಯಾರು ಜೊತೆಗೆ ನಡೆಯುತ್ತಾರೆ ಎಂಬುದನ್ನು ಅವಳು ಕಾವಲಿನವರಿಗೆ ವಿವರಿಸುತ್ತ ಹೋದಳು. ಅವರು ಇಲ್ಲಿನ ಏರ್ಪಾಟುಗಳನ್ನು ಅವಳಿಗೆ ಹೇಳಿದರು. ನನ್ನ ಪಠ್ಯಪುಸ್ತಕದಲ್ಲಿ ಈ ಉರುಸಿಗೆ ಎರಡು ಸಾಲು ಮಾತ್ರ ಮೀಸಲಾಗಿತ್ತು. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಇಬ್ಬರ ಮಾತನ್ನೂ ಬರೆದುಕೊಂಡೆ.

ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, 1857ರ ಕಾಲದಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತ ಸುರಪುರ, ಇವು ಈ ಸುತ್ತಿನಲ್ಲಿ ಸೇರಲಿಲ್ಲ. ಮಳೆಗಾಲ ಮುಗಿದ ಮೇಲೆ ಹೋಗೋಣ ಎಂದು ಅಕ್ಕನೇ ಹೇಳಿದ್ದಾಳೆ. ಅದಕ್ಕೂ ಮೊದಲು ನಮ್ಮ ಶಾಲೆಯ ಆರು ಮತ್ತು ಏಳನೆಯ ತರಗತಿಯ ಮಕ್ಕಳನ್ನು ನಾಗಾವಿಗೆ ಕರೆದೊಯ್ಯಬೇಕು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಪಾಲಕರ ಒಪ್ಪಿಗೆ ಪತ್ರಗಳು ಬರತೊಡಗಿವೆ. ಬಸ್ಸಿನ ಬಾಡಿಗೆಯನ್ನು, ಶಾಲು ಹೊದಿಸಿದ ಸಹೋದ್ಯೋಗಿಗಳೂ ನಾನೂ ಸೇರಿ ಹೊಂದಿಸುತ್ತಿದ್ದೇವೆ. ಶಾಸನದ ಸಾರವನ್ನು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಎರಡು ಪುಟಕ್ಕೆ ಬರೆದು ಮುಗಿಸಿದ್ದೇನೆ. ಕಂಬಗಳ ನಡುವೆ ನಿಂತು ಅದನ್ನು ಗಟ್ಟಿಯಾಗಿ ಓದಲು ಏಳನೆಯ ತರಗತಿಯ ಇಬ್ಬರು ಹುಡುಗಿಯರು ಈಗಲೇ ತಯಾರಿ ನಡೆಸಿದ್ದಾರೆ.